ಏಕವಚನದಲ್ಲಿ ತೇರ್ಗಡೆ

ಕೇಳು, ಎದ್ದು ಹೋಗಬೇಡ, ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗು. ನಡುವೆ ಎದ್ದರೆ ನಾನು ಹುಚ್ಚಿಯ ಹಾಗೆ ಕಾಣುತ್ತೇನೆ. ಕೊನೆಯವರೆಗೆ ಕೂತರೆ ಇನ್ನೂ ದೊಡ್ಡ ಹುಚ್ಚಿಯ ಹಾಗೆ ಕಾಣಬಹುದು, ಅದು ಬೇರೆ ಮಾತು. ಮತ್ತೆ, ಗುರುತು ಪರಿಚಯ ಇಲ್ಲದವಳು ಮೊದಲ ಮಾತಿಗೇ ‘ಕೇಳು’, ‘ಹೋಗು’ ಎನ್ನುತ್ತಿದ್ದಾಳೆ ಎಂದು ಮುಖ ಊದಿಸಿಕೊಳ್ಳಬೇಡ. ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ ಏಕವಚನವೇ. ಡಾಕ್ಟರನಿಗೆ “ಬಾರೋ, ಬೇಗ ಸೂಜಿ ಚುಚ್ಚು”, ಪೋಲೀಸಿನವನಿಗೆ “ಇಷ್ಟೊತ್ತು ಎಲ್ಲಿ ಸತ್ತಿದ್ದೆ”, ಮದುವೆ ಮಾಡಿಸುವ ಪುರೋಹಿತನಿಗೆ “ಮಂತ್ರ ಸಾಕು ನಿಲ್ಸೋ, ಹಸಿವಾಗ್ತಿದೆ”. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಹುವಚನ ಸಿಗುವುದು ಊರಿನಲ್ಲಿ ಒಂದೇ ಕಡೆ, ಗುಡ್ಡದ ಮೇಲಿನ ವಿಶ್ವವಿದ್ಯಾಲಯದ ಆನರ್ಸ್ ವಿಭಾಗದಲ್ಲಿ. ಅಲ್ಲಿನ ಕೆಂಪು ರಟ್ಟಿನ ರಿಜಿಸ್ಟರಿನಲ್ಲಿ ಸಹಿ ಹಾಕಿದ ಕ್ಷಣದಿಂದ ಊರಿನ ನಾಲಿಗೆಗಳೆಲ್ಲ ನಿನ್ನ ವಿಷಯಕ್ಕೆ ಹೊರಳಿಬಿಡುತ್ತವೆ. ‘ನೀನು’ ಎನ್ನಲು ಬಾಯಿ ತೆಗೆದರೆ ‘ನೀವು’ ಎಂದೇ ಬರುತ್ತದೆ. ಕೂಸು ಮೊದಲ ಮಾತು ಕಲಿಯುವಾಗಲೂ ಆನರ್ಸಿನವರು ಎದುರಿಗೆ ಬಂದರೆ “ಬನ್ನಿ” ಎನ್ನುತ್ತದೆ.

ಈ ಆನರ್ಸಿನವರನ್ನು ನೀನು ನೋಡಬೇಕು. ಅವರು ಕೆಮ್ಮಿದರೂ ಜನ “ಕೆಮ್ಮಿದಿರಾ?” ಎಂದು ಕೇಳುತ್ತಾರೆ, ಅವರು ಹೌದು ಎಂದು ತಲೆದೂಗುತ್ತಾರೆ. ಪದವಿ ಮುಗಿದ ಮೇಲಂತೂ ತಮ್ಮನ್ನು ತಾವೇ ‘ನಾವು’ ಎಂದುಕೊಳ್ಳಲು ಶುರುಮಾಡುತ್ತಾರೆ. ಒಬ್ಬರೇ ಬಚ್ಚಲಿಗೆ ಹೋಗಿ ಬಂದವರು “ನಾವು ಸ್ನಾನ ಮಾಡಿದೆವು” ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಫಜೀತಿ ಇನ್ನೊಂದಿದೆ. ಆನರ್ಸಿನವರ ಪ್ರಬಂಧದಲ್ಲಿ ಏನು ಬರೆದಿದೆಯೋ ಅದನ್ನು ಊರು ಘಟಿಕೋತ್ಸವದ ಮರುದಿನವೇ ಜಾರಿಗೆ ತರಬೇಕು. ಹಾಗೆ ಕಟ್ಟಿದ್ದು ನಮ್ಮ ಬಸ್ ಸ್ಟ್ಯಾಂಡ್. ಅದರ ಬಾಗಿಲು ಬಸ್ಸಿಗಿಂತ ಒಂದು ಮೊಳ ಕಿರಿದು. ಬಸ್ಸು ರಸ್ತೆಯಲ್ಲೇ ನಿಲ್ಲುತ್ತದೆ, ಒಳಗೆ ಹೆಂಗಸರು ಸಂಡಿಗೆ ಒಣಗಿಸುತ್ತಾರೆ. ಹಾಗೆ ಕಟ್ಟಿದ್ದೇ ಗಡಿಯಾರದ ಗೋಪುರ. ಮುಖ ಇರುವುದು ಗುಡ್ಡದ ಕಡೆಗೆ ಮಾತ್ರ, ಊರಿಗೆ ಕಾಣುವುದು ಅದರ ಬೆನ್ನು. ಗಂಟೆ ಎಷ್ಟಾಯಿತು ಎಂದು ತಿಳಿಯಬೇಕಾದರೆ ಗುಡ್ಡದಿಂದ ಇಳಿದು ಬರುವವರನ್ನು ಕೇಳಬೇಕು. ಅವರು ಇಳಿದು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿರುತ್ತದೆ, ಆದ್ದರಿಂದ ನಮ್ಮೂರಲ್ಲಿ ಎಲ್ಲರೂ ಕೇಳಿದ ಗಂಟೆಗೆ ಇಪ್ಪತ್ತು ನಿಮಿಷ ಸೇರಿಸಿಕೊಳ್ಳುತ್ತಾರೆ.

ಕಟ್ಟುವಾಗ ಯಾರೂ ಹೇಳಲಿಲ್ಲವೇ ಎಂದು ನೀನು ಕೇಳುತ್ತೀಯ. ಹೇಳಿ ನೋಡು, ಗೊತ್ತಾಗುತ್ತದೆ! “ಲೋ, ಕಣ್ಣು ಕಾಣಲ್ವೇನೋ ನಿಂಗೆ, ಬಸ್ಸು ಹೆಂಗೋ ತೂರುತ್ತೆ ಇಲ್ಲಿ?” ಎಂದು ಗಾರೆಯವನು ಹೇಳಲು ಹೋದನಂತೆ. ಬಾಯಿಂದ ಬಂದದ್ದು “ಸ್ವಾಮಿ, ತಮ್ಮ ಕಣ್ಣಿಗೆ ಬಸ್ಸು ಸ್ವಲ್ಪ ದಪ್ಪ ಕಾಣ್ತಿರಬಹುದು” ಎಂದು. ಬಹುವಚನದಲ್ಲಿ ಬೈದರೆ ಅದು ಆರತಿ ಎತ್ತಿದ ಹಾಗೆ ಕೇಳಿಸುತ್ತದೆ. ನಾಲ್ಕು ಸಲ ಪ್ರಯತ್ನ ಮಾಡಿದವರು ಐದನೇ ಸಲ ಸುಮ್ಮನಾಗುತ್ತಾರೆ.

ಇಂಥ ಆನರ್ಸಿಗೆ ನಾನು ಯಾಕೆ ಸೇರಿದೆ? ಅಮ್ಮನಿಗಾಗಿ. ಅಮ್ಮ ಸಿದ್ದಲಿಂಗಮ್ಮ, ಹಿಟ್ಟಿನ ಗಿರಣಿಯವಳು. ಅಪ್ಪ ನಾನು ನೆನಪಿಟ್ಟುಕೊಳ್ಳುವ ಮೊದಲೇ ಹೋದ, ಗಿರಣಿ ಉಳಿಯಿತು. ಇಪ್ಪತ್ತೆರಡು ವರ್ಷದಿಂದ ಊರಿನ ಜೋಳ, ರಾಗಿ, ಅಕ್ಕಿ, ಕಡಲೆಯನ್ನೆಲ್ಲ ಅವಳೇ ಬೀಸಿದ್ದಾಳೆ. ಗಿರಣಿಯ ಸದ್ದಿನಲ್ಲಿ ಬದುಕಿದ್ದರಿಂದ ಅವಳಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿರಲಿಲ್ಲ. ಅವಳು “ಲೇ ನೀಲೀ” ಎಂದು ಕೂಗಿದರೆ ಎರಡು ಬೀದಿ ಆಚೆ ಮಲಗಿದ್ದ ನಾಯಿ ಎದ್ದು ನಿಲ್ಲುತ್ತಿತ್ತು. ನನ್ನ ಹೆಸರು ನೀಲವೇಣಿ, ಆದರೆ ಆ ಹೆಸರಿನಲ್ಲಿ ಅವಳು ನನ್ನನ್ನು ಕರೆದದ್ದೇ ಇಲ್ಲ. ಸಿಟ್ಟಿಗೂ ‘ಲೇ ನೀಲೀ’, ಮುದ್ದಿಗೂ ‘ಲೇ ನೀಲೀ’. ಯಾವುದು ಯಾವುದಕ್ಕೆ ಎಂದು ನನಗೆ ಗೊತ್ತಾಗುತ್ತಿತ್ತು.

ಊರಿನವರು ಎಲ್ಲರಿಗೂ ಏಕವಚನ ಎಂದೆನಲ್ಲ, ಅದರಲ್ಲೂ ಒಂದು ದರ್ಜೆ ಇದೆ. ಅಮ್ಮನನ್ನು ಕರೆಯುತ್ತಿದ್ದದ್ದು ‘ಏ ಸಿದ್ಲಿಂಗೀ’ ಎಂದು. ಹಲ್ಲು ಬಿದ್ದ ಮುದುಕನಿಂದ ಹಲ್ಲು ಬರದ ಕೂಸಿನವರೆಗೆ. “ಏ ಸಿದ್ಲಿಂಗೀ, ನುಣ್ಣಗೆ ಬೀಸು.” “ಏ ಸಿದ್ಲಿಂಗೀ, ಮೆಣಸಿನಕಾಯಿ ಬೀಸಿದ ಮೇಲೆ ನನ್ನ ಗೋದಿ ಹಾಕಿದ್ಯಲ್ಲೇ, ಚಪಾತಿ ತಿಂದು ನನ್ನ ಗಂಡ ಕುಣೀತಿದಾನೆ.” ಅವಳು ನಗುತ್ತಿದ್ದಳು. ಆದರೆ ವರ್ಷಕ್ಕೊಮ್ಮೆ ಘಟಿಕೋತ್ಸವದ ದಿನ ಗಿರಣಿ ಮುಚ್ಚಿ ಹೋಗಿ ಸಭಾಂಗಣದ ಕೊನೆಯಲ್ಲಿ ನಿಂತು ಮುಂದಿನ ಸಾಲಿನ ಖುರ್ಚಿಗಳನ್ನು ನೋಡಿಕೊಂಡು ಬರುತ್ತಿದ್ದಳು. ಆನರ್ಸ್ ಪಡೆಯುವವರ ತಾಯಂದಿರಿಗೆ ಮುಂದಿನ ಸಾಲು, ಮೆತ್ತೆ ಹಾಕಿದ ಖುರ್ಚಿ. ಅಲ್ಲಿ ಕೂತ ಕ್ಷಣದಿಂದ ತಾಯಿಗೂ ಬಹುವಚನ, ಸಾಯುವವರೆಗೆ. ಆ ದಿನ ಮಾತ್ರ ಹಿಟ್ಟಿನ ಮೈಯನ್ನು ಎರಡು ಸಲ ತೊಳೆದುಕೊಳ್ಳುತ್ತಿದ್ದಳು.

ಹಾಗಾಗಿ ಸೇರಿದೆ. ಪ್ರವೇಶದ ಸಂದರ್ಶನ ಮಾಡಿದವರು ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಮಧುಕೇಶ್ವರರು. ನೋಡು, ಈಗಲೂ ನನ್ನ ಬಾಯಿಂದ ‘ಮಧುಕೇಶ್ವರ’ ಎಂದು ಬರುವುದಿಲ್ಲ, ‘ರು’ ತಾನಾಗಿ ಬಂದು ಅಂಟಿಕೊಳ್ಳುತ್ತದೆ. “ಯಾಕೆ ಸೇರಬೇಕು ಅಂತೀಯ?” ಎಂದರು. “ಊರಿಗೆ ಉಪಯೋಗ ಆಗೋ ಹಾಗೆ ಓದಬೇಕು” ಎಂದೆ. ಅವರಿಗೆ ಬೇಜಾರಾಯಿತು. “ಅದಕ್ಕೆ ಸಾಮಾನ್ಯ ಪದವಿ ಇದೆಯಲ್ಲ” ಎಂದರು. ನಾನು ತಕ್ಷಣ ತಿದ್ದಿಕೊಂಡು “ಗೌರವ ಬೇಕು” ಎಂದೆ. “ಹಾಂ” ಎಂದು ರಿಜಿಸ್ಟರ್ ತೆರೆದರು. ನಾನು ಸಹಿಯ ಕೊನೆಯ ಗೀಟು ಎಳೆಯುತ್ತಿದ್ದಂತೆ, “ನಿಮ್ಮ ಪೆನ್ನು ಚೆನ್ನಾಗಿದೆ” ಎಂದರು.

ಗೇಟಿನ ಹತ್ತಿರ ಜುಲೇಖಾ ಕಾಯುತ್ತಿದ್ದಳು. ಒಂದನೇ ಕ್ಲಾಸಿನಿಂದ ನನ್ನ ಜೊತೆಗಾತಿ, ಸಾಮಾನ್ಯ ಪದವಿಗೆ ಸೇರಿದವಳು. ದೂರದಿಂದಲೇ ಕೈ ಎತ್ತಿ ಕೂಗಿದಳು: “ಏನ್ರೀ ನೀಲವೇಣಿಯವರೇ, ಸಿಕ್ಕಿತೇನ್ರೀ?” ಕೂಗಿದವಳೇ ಬಾಯಿ ಮುಚ್ಚಿಕೊಂಡಳು. “ಛೀ, ನಾನು ಹಂಗಂದಿದ್ದಲ್ರೀ! ಅಯ್ಯೋ ನಿಮ್ಮ... ನಿಮ್ಮ...” ಇಬ್ಬರೂ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. “ಇನ್ನೊಂದ್ಸಲ ಬೈಯೇ” ಎಂದೆ. “ತಾವು ಎಮ್ಮೆ” ಎಂದಳು. “ಇನ್ನೂ ಜೋರಾಗಿ.” “ತಾವು ದಯವಿಟ್ಟು ಹಾಳಾಗಿ ಹೋಗಬೇಕು.” ಅವತ್ತು ಅದೆಲ್ಲ ತಮಾಷೆಯಾಗಿತ್ತು.

ಮನೆಗೆ ಹೋದೆ. ಅಮ್ಮ ಗಿರಣಿಯ ಬಾಗಿಲಲ್ಲಿ ನಿಂತಿದ್ದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನನ್ನು ನೋಡಿ ಬಾಯಿ ತೆರೆದಳು. “ಬಂದ್ರಾ?” ಎಂದಳು. ಎರಡು ಬೀದಿಗೆ ಕೇಳಿಸುವ ಹಾಗಲ್ಲ. ಗಿರಣಿ ಓಡುತ್ತಿತ್ತು, ನನಗೇ ಸರಿಯಾಗಿ ಕೇಳಿಸಲಿಲ್ಲ. ಅವಳ ಕಣ್ಣು ತುಂಬಿತ್ತು. ಬಹುವಚನ ಅವಳ ಬಾಯಲ್ಲಿ ಬಂದದ್ದಕ್ಕೆ ಅವಳಿಗೆ ಹೆಮ್ಮೆಯಾಗಿತ್ತು, ಮಗಳು ನಿಜವಾಗಿ ಸೇರಿದ್ದಾಳೆ ಎನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಆ ರಾತ್ರಿಯಿಂದ ಅವಳು ನನ್ನ ತಟ್ಟೆಗೆ ಬಡಿಸುವಾಗ ಒಂದು ಹೆಜ್ಜೆ ಹಿಂದೆ ನಿಲ್ಲತೊಡಗಿದಳು. “ಇನ್ನೊಂದು ರೊಟ್ಟಿ ಹಾಕ್ಲಾ?” ಎಂದು ಕೇಳತೊಡಗಿದಳು. ಮೊದಲು ಅವಳು ಕೇಳುತ್ತಿರಲಿಲ್ಲ, “ತಿನ್ನೇ, ಕಡ್ಡಿ ಹಂಗಿದೀಯ” ಎಂದು ಹಾಕಿಬಿಡುತ್ತಿದ್ದಳು. ಬೇಡ ಎಂದರೆ ಈಗ ಹಾಕುತ್ತಿರಲಿಲ್ಲ. ನಾಲ್ಕು ವರ್ಷ ನಾನು ಅರ್ಧ ಹಸಿವಿನಲ್ಲಿ ಓದಿದೆ ಎಂದರೆ ನಂಬುತ್ತೀಯಾ?

ಕ್ಲಾಸಿನ ವಿಷಯ ಹೇಳದಿದ್ದರೆ ಪಾಪ ಬರುತ್ತದೆ. ನಾವು ಒಂಬತ್ತು ಜನ. ವಾರಕ್ಕೊಂದು ಸೆಮಿನಾರ್. ಒಬ್ಬರು ಮಾತಾಡುವುದು, ಎಂಟು ಜನ “ತಾವು ಹೇಳಿದ್ದು ಸರಿಯಾಗಿದೆ” ಎನ್ನುವುದು. ಒಮ್ಮೆ ನಮ್ಮಲ್ಲಿ ಜೀವಶಾಸ್ತ್ರ ಓದುವವರು ಎದ್ದು ಹಲ್ಲಿಗೆ ಆರು ಕಾಲು ಎಂದರು. ಅದೇ ಹೊತ್ತಿಗೆ ಅವರ ತಲೆಯ ಮೇಲೆ ಗೋಡೆಯಲ್ಲಿ ಒಂದು ಹಲ್ಲಿ ನಾಲ್ಕು ಕಾಲಿನಲ್ಲಿ ಹೋಗುತ್ತಿತ್ತು. ನಾವೆಲ್ಲ ಹಲ್ಲಿಯನ್ನು ನೋಡಿದೆವು, ಅವರನ್ನು ನೋಡಿದೆವು. “ಆ ಹಲ್ಲಿಗೆ ಏನೋ ಕೊರತೆ ಇದ್ದಂತಿದೆ” ಎಂದರು ಮಧುಕೇಶ್ವರರು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಆದರೆ ನಾನು ಒಳಗೊಳಗೆ ನಕ್ಕೆ, ಆದ್ದರಿಂದ ನಾನು ಇವರ ಹಾಗಲ್ಲ ಎಂದುಕೊಂಡೆ. ಒಳಗೊಳಗೆ ನಕ್ಕರೆ ಸಾಕು, ನಾವು ಬೇರೆ ಎಂದುಕೊಳ್ಳುವುದು ಎಷ್ಟು ಸುಲಭ ನೋಡು.

ಮೂರನೇ ವರ್ಷ ಪ್ರಬಂಧಕ್ಕೆ ವಿಷಯ ಆರಿಸಬೇಕು. ನಾನು ಆರಿಸಿದ್ದು ‘ಹಿಂದಿನ ಗೌರವ ಪ್ರಬಂಧಗಳ ದೋಷಗಳು’. ಒಂದೊಂದು ಕಟ್ಟಡಕ್ಕೂ ಹೋಗಿ, ಅಳೆದು, ಇವರ ಬಂಡವಾಳ ಬಯಲು ಮಾಡುವುದು. ಮಧುಕೇಶ್ವರರು ಬೇಡ ಎನ್ನುತ್ತಾರೆ ಎಂದು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು “ತಾವು ಆರಿಸಿದ್ದು ಸರಿಯಾಗಿದೆ” ಎಂದುಬಿಟ್ಟರು. ಬೇಡ ಎನ್ನಲು ಅವರಿಗೂ ಬರುತ್ತಿರಲಿಲ್ಲವಲ್ಲ.

ಅಳೆಯಲು ಗಿರಣಿಯ ಆರಡಿ ಕೋಲು ತೆಗೆದುಕೊಂಡೆ. ಅದು ಗಿರಣಿಯ ಬೆಲ್ಟ್ ಜಾರಿದಾಗ ತಳ್ಳಿ ಕೂರಿಸುವ ಕೋಲು. ಅಜ್ಜ ಮಾಡಿದ್ದು, ತುದಿಯಲ್ಲಿ ೬ ಎಂದು ಕೊರೆದಿದ್ದ. ಹುಟ್ಟಿದಾಗಿನಿಂದ ಅದರ ಹೆಸರೇ ಆರಡಿ ಕೋಲು, “ಆರಡಿ ಕೋಲು ಕೊಡೇ”, “ಆರಡಿ ಕೋಲಲ್ಲಿ ಬಾರಿಸ್ತೀನಿ ನೋಡು”. ೬ ಎಂದು ಕೊರೆದಿರುವುದು ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದನ್ನು ತಿರುಗಿಸಿ ನೋಡಲೇ ಇಲ್ಲ.

ಕೋಲು ಹೆಗಲಿಗೆ ಹಾಕಿಕೊಂಡು ಹೊರಡುವಾಗ ಅಮ್ಮ ಬೆಲ್ಟಿನ ಹಿಂದಿನಿಂದ ಬಂದಳು. “ಆ ಕೋಲು... ತಾವು ಅದನ್ನ ಒಂದ್ಸಲ...” ಎಂದಳು.

“ಏನಮ್ಮಾ? ಬೇಗ ಹೇಳು, ಹೊತ್ತಾಗ್ತಿದೆ.”

“ಅದರಲ್ಲಿ... ಇಲ್ಲ ಬಿಡಿ. ತಾವು ಓದಿದವರು. ತಮಗೆ ತಿಳಿದೇ ಇರುತ್ತೆ.”

“ತಿಳಿದಿದೆ ಬಿಡಮ್ಮಾ” ಎಂದೆ. ಹೊರಟೆ. ಈ ಎರಡು ಪದವನ್ನು ಯಾವ ದನಿಯಲ್ಲಿ ಹೇಳಿದೆ ಎನ್ನುವುದನ್ನು ನಾನು ನಿನಗೆ ಹೇಳುವುದಿಲ್ಲ. ಮಧುಕೇಶ್ವರರು ಕೇಳಿದ್ದರೆ ಮೆಚ್ಚುತ್ತಿದ್ದರು.

ಬಸ್ ಸ್ಟ್ಯಾಂಡ್, ಗೋಪುರ, ಮೆಟ್ಟಿಲಿನ ಮೇಲೆ ಕೊನೆಯಾಗುವ ಆಸ್ಪತ್ರೆಯ ಇಳಿಜಾರು, ಎಲ್ಲ ಅಳೆದೆ. ಇವುಗಳ ತಪ್ಪಿಗೆ ಕೋಲೇ ಬೇಕಿರಲಿಲ್ಲ, ಕಣ್ಣು ಸಾಕಿತ್ತು. ಉಳಿದದ್ದು ನೀರಿನ ಟ್ಯಾಂಕ್. ಹಳೇ ಕಾಲದ ಯಾರೋ ಆನರ್ಸಿನವರು ಬರೆದು ಕಟ್ಟಿಸಿದ್ದು, ನಾಲ್ಕು ಕಂಬದ ಮೇಲೆ ನಿಂತಿದೆ, ಊರಿಗೆಲ್ಲ ಅದೇ ನೀರು. ಒಂದು ಹನಿ ಸೋರಿಲ್ಲ, ಒಂದು ದಿನ ನಿಂತಿಲ್ಲ. ಇದು ನನಗೆ ಹಿಡಿಸಲಿಲ್ಲ. ಎಲ್ಲರೂ ದಡ್ಡರು ಎಂದು ಬರೆಯುವಾಗ ನಡುವೆ ಒಬ್ಬರು ಜಾಣರು ಬಂದರೆ ಪ್ರಬಂಧ ಸಪ್ಪೆಯಾಗುತ್ತದಲ್ಲ. ನಕ್ಷೆ ತೆಗೆದು ನೋಡಿದೆ, ಕಂಬದಿಂದ ಕಂಬಕ್ಕೆ ಹನ್ನೆರಡು ಅಡಿ ಎಂದಿತ್ತು. ಜುಲೇಖಾಳನ್ನು ಒಂದು ತುದಿ ಹಿಡಿಯಲು ಕರೆದುಕೊಂಡು ಹೋಗಿ ಅಳೆದೆ. ಹದಿಮೂರು ಮುಕ್ಕಾಲು ಅಡಿ! ಕಾಲುಗಳು ಹರಡುತ್ತಿವೆ, ಟ್ಯಾಂಕ್ ಇವತ್ತೋ ನಾಳೆಯೋ ಕುಸಿಯುತ್ತದೆ, ಯಾರಿಗೂ ಕಾಣದ್ದು ನನಗೆ ಕಂಡಿದೆ!

ನಾಲ್ಕೂ ಬದಿ ಅಳೆದೆವು. ನಾಲ್ಕೂ ಹದಿಮೂರು ಮುಕ್ಕಾಲು.

“ನಾಲ್ಕೂ ಕಾಲು ಮೀಟಿಂಗ್ ಮಾಡ್ಕೊಂಡು ಒಂದೇ ಸಮ ಜಾರಿದ್ವಾ?” ಎಂದಳು ಜುಲೇಖಾ. ನಗುತ್ತಾ ಶುರುಮಾಡಿದಳು. ನಾನು ತಿರುಗಿ ನೋಡಿದೆ. ಅವಳ ಮುಖದಿಂದ ನಗು ಇಳಿಯಿತು. “ಅಲ್ಲ, ಹಾಗಲ್ಲ... ತಾವು ಅಳೆದ ಮೇಲೆ ಸರಿಯಾಗೇ ಇರುತ್ತೆ ಬಿಡಿ” ಎಂದಳು. ಕೋಲಿನ ತುದಿಯನ್ನು ನೆಲಕ್ಕೆ ಇಟ್ಟಳು. ಆಮೇಲೆ ಅವಳು ಬಿಡುವಿಲ್ಲ, ಮನೆಯಲ್ಲಿ ಕೆಲಸ, ಎಂದೆಲ್ಲ ಹೇಳತೊಡಗಿದಳು. ಬಹುವಚನದಲ್ಲಿ ಹೇಳಿದ ನೆಪಕ್ಕೆ ಬೈಯಲು ಆಗುವುದಿಲ್ಲ.

‘ಟ್ಯಾಂಕನ್ನು ತಕ್ಷಣ ಕೆಡವತಕ್ಕದ್ದು’ ಎಂದು ಪ್ರಬಂಧದ ಕೊನೆಯ ಸಾಲು ಬರೆದೆ. ಮೂವರು ಪರೀಕ್ಷಕರು ಬಂದರು. ಒಬ್ಬರು ಕೆಮ್ಮಿದರು, ಒಬ್ಬರು ಪುಟ ಮಗುಚಿದರು, ಒಬ್ಬರು ನಿದ್ದೆಯಿಂದ ಎದ್ದು “ತಾವು ಬರೆದದ್ದು ಸರಿಯಾಗಿದೆ” ಎಂದರು. ನೂರಕ್ಕೆ ನೂರು.

ಘಟಿಕೋತ್ಸವದ ಬೆಳಿಗ್ಗೆ ಅಮ್ಮ ಹೊಸ ಇಳಕಲ್ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಕಿವಿಯ ಹಿಂದೆ ಇನ್ನೂ ಸ್ವಲ್ಪ ಹಿಟ್ಟಿತ್ತು, ಅವಳು ಒದ್ದೆ ಬಟ್ಟೆಯಲ್ಲಿ ಉಜ್ಜುತ್ತಲೇ ಇದ್ದಳು. ನನ್ನ ಕಪ್ಪು ಗೌನಿನ ಗುಂಡಿ ಕಿತ್ತು ಉರುಳಿ ಗಿರಣಿಯ ಕೆಳಗೆ ಹೋಯಿತು. ಬಗ್ಗಿ ಕೈ ಹಾಕಿದೆ. ಗಿರಣಿಯ ಒಂದು ಕಾಲು ಸವೆದಿತ್ತು, ಅದರ ಕೆಳಗೆ ಒಂದು ಮರದ ತುಂಡು ಕೊಟ್ಟಿದ್ದರು. ಗೇಣುದ್ದದ ತುಂಡು. ಬೆರಳಿಗೆ ಏನೋ ಕೊರೆದದ್ದು ತಾಗಿತು. ಎಳೆದು ತೆಗೆದು ಹಿಟ್ಟು ಒರೆಸಿದೆ.

೬.

ಅಲ್ಲೇ ನೆಲದ ಮೇಲೆ ಕೂತೆ. ಆರಡಿ ಕೋಲು ಗೋಡೆಗೆ ಒರಗಿತ್ತು, ಅದರ ತುದಿ ಬೋಳಾಗಿತ್ತು. ಎಲ್ಲ ಲೆಕ್ಕ ತಲೆಯಲ್ಲಿ ಒಂದೇ ಸಲ ಓಡಿತು. ಒಂದು ಗೇಣು ಕಮ್ಮಿ ಕೋಲು. ಹನ್ನೆರಡಡಿ ಅಳೆದರೆ ಹದಿಮೂರು ಮುಕ್ಕಾಲು ಬರದೆ ಇನ್ನೇನು ಬರುತ್ತದೆ? ಟ್ಯಾಂಕಿನ ಕಾಲು ಎಲ್ಲಿದ್ದವೋ ಅಲ್ಲೇ ಇದ್ದವು. ಜಾರಿದ್ದವಳು ನಾನು.

“ಅಮ್ಮಾ, ಇದನ್ನ ಯಾವಾಗ ಕೊಯ್ದದ್ದು?”

ಅವಳು ಒದ್ದೆ ಬಟ್ಟೆ ಕೆಳಗಿಟ್ಟಳು. “ತಾವು ಎರಡನೇ ವರ್ಷದಲ್ಲಿದ್ರಿ. ಗಿರಣಿ ಒಂದ್ಕಡೆ ವಾಲ್ತಿತ್ತು. ಕೈಗೆ ಸಿಕ್ಕಿದ್ದು ಅದೇ.”

“ನಾನು ಅಳೆಯೋಕೆ ತಗೊಂಡೋಗುವಾಗ ಹೇಳಬಾರದಿತ್ತಾ?”

“ಹೇಳೋಕೆ ಬಂದೆ. ತಾವು ತಿಳಿದಿದೆ ಬಿಡಮ್ಮಾ ಅಂದ್ರಿ.” ಕಿವಿಯ ಹಿಂದೆ ಬೆರಳಿನಿಂದ ಉಜ್ಜಿಕೊಂಡು, “ಮುಂಚೆ ಆಗಿದ್ರೆ ಕುತ್ತಿಗೆ ಹಿಡ್ಕೊಂಡು ಕೂರಿಸಿ ಹೇಳ್ತಿದ್ದೆ. ತಮ್ಮ ಕುತ್ತಿಗೆಗೆ ನಾನು ಹೆಂಗೆ ಕೈ ಹಾಕ್ಲಿ?”

“ನಾಳೆ ಟ್ಯಾಂಕ್ ಕೆಡವ್ತಾರಮ್ಮಾ.”

“ಕೆಡವ್ಲಿ. ಇನ್ನೊಂದು ಕಟ್ಕೋತಾರೆ.” ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನಂಗೆ ಇನ್ನೊಬ್ರು ಮಗಳಿಲ್ಲ. ಇವತ್ತೊಂದು ದಿನ ಸುಮ್ನಿರಿ. ದಮ್ಮಯ್ಯ ಅಂತೀನಿ. ಕಾಲು ಹಿಡೀಲಾ?”

ನನ್ನ ಅಮ್ಮ ಹೀಗೆ ಕೇಳಿದಳು. ಆನರ್ಸ್ ಸೇರುವವರೆಗೆ ನನಗೆ ಆರಡಿ ಕೋಲು ತೋರಿಸಿದವಳು.

ಗುಡ್ಡ ಓಡಿ ಹತ್ತಿದೆ. ಮಧುಕೇಶ್ವರರು ಪೇಟ ಸರಿಮಾಡಿಕೊಳ್ಳುತ್ತಿದ್ದರು. ಮರದ ತುಂಡನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ತುಂಡನ್ನು ಎತ್ತಿ ಮೂಸಿ ನೋಡಿದರು. “ಕಡಲೆ ಹಿಟ್ಟು” ಎಂದರು. ಆಮೇಲೆ ಸಮಾಧಾನವಾಗಿ, “ನೋಡಿ, ತಪ್ಪು ಆಗೋದು ಏಕವಚನದವರಿಗೆ. ನಿಮಗಾದದ್ದು ಅಭಿಪ್ರಾಯಭೇದ. ನಿಮಗೂ ನಿಮ್ಮ ಕೋಲಿಗೂ.”

“ಆದರೆ ಟ್ಯಾಂಕು, ಸರ್!”

“ಕೆಡವಿದ ಮೇಲೆ ಇನ್ನೊಂದು ಕಟ್ಟಬೇಕಲ್ಲ, ಅದರ ಮೇಲೆ ನೀವೇ ಪಿಎಚ್‌ಡಿ ಮಾಡಿ. ನಾವು ಗೈಡ್ ಆಗ್ತೀವಿ.” ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. “ನಾವೂ ಹೀಗೇ ಒಂದು ಬೆಳಿಗ್ಗೆ ಓಡಿ ಬಂದಿದ್ದೆವು. ಬಸ್ ಸ್ಟ್ಯಾಂಡ್ ನಮ್ಮದೇ.”

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಒಂಬತ್ತು ಮೆತ್ತೆ ಖುರ್ಚಿ. ಅಮ್ಮ ಬಾಗಿಲಲ್ಲಿ ಅಭ್ಯಾಸದಂತೆ ಹಿಂದೆಯೇ ನಿಂತಿದ್ದಳು. ಬಿಲ್ಲೆ ಹಾಕಿಕೊಂಡ ಜವಾನನೊಬ್ಬ ಅವಳ ಹತ್ತಿರ ಹೋಗಿ ಬಗ್ಗಿದ. “ಅಮ್ಮನವರೇ, ಮುಂದೆ ಬನ್ನಿ. ಕೂತ್ಕೊಳ್ಳಿ.” ಅವನು ನಮ್ಮ ಬೀದಿಯವನೇ, ಹಿಂದಿನ ವಾರ “ಏ ಸಿದ್ಲಿಂಗೀ, ರವೆ ದಪ್ಪಗಿದೆ” ಎಂದು ಚೀಲ ಎಸೆದು ಹೋಗಿದ್ದವನು. ಅಮ್ಮ ನಡೆದು ಬಂದಳು. ಖುರ್ಚಿಯ ಅಂಚಿನಲ್ಲಿ ಕೂತಳು. ಆಮೇಲೆ ಸ್ವಲ್ಪ ಹಿಂದೆ ಸರಿದಳು. ಆಮೇಲೆ ಪೂರ್ತಿ ಒರಗಿದಳು. ಪಕ್ಕದ ತಾಯಿ “ತಮ್ಮ ಸೀರೆ ಎಲ್ಲಿಯದು?” ಎಂದು ಕೇಳಿದರು. ಅಮ್ಮ ಏನೋ ಹೇಳಿದಳು, ಮೆಲ್ಲಗೆ, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು. ಬೇರೆಯವರ ಜೊತೆಗೂ ಮೆಲ್ಲಗೆ ಮಾತಾಡಲು ಅವಳಿಗೆ ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ನನ್ನ ಹೆಸರು ಕರೆದರು. ಪದವಿ ಕೊಡುವ ಮೊದಲು ಕುಲಪತಿಗಳು ಒಂದು ಪ್ರಶ್ನೆ ಕೇಳುವ ಪದ್ಧತಿ: “ತಮ್ಮ ಪ್ರಬಂಧದಲ್ಲಿ ದೋಷವುಂಟೇ?” ಪದವಿ ಪಡೆಯುವವರು “ಇಲ್ಲ” ಎನ್ನಬೇಕು. ಅರವತ್ತು ವರ್ಷದಿಂದ ಎಲ್ಲರೂ ಇಲ್ಲ ಎಂದಿದ್ದಾರೆ, ಬಸ್ ಸ್ಟ್ಯಾಂಡಿನವರೂ ಇಲ್ಲ ಎಂದಿದ್ದಾರೆ. ನನ್ನ ಮುಂದೆ ನಿಂತಿದ್ದ ಹಲ್ಲಿಯವರು ಎರಡು ಸಲ ಇಲ್ಲ ಎಂದರು.

ಕುಲಪತಿಗಳು ನನ್ನನ್ನು ಕೇಳಿದರು. ನಾನು ಅಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಎರಡೂ ಕೈ ಖುರ್ಚಿಯ ತೋಳಿನ ಮೇಲಿತ್ತು. ಕೊನೆಯ ಸಾಲಿನ ಹಿಂದೆ ಜುಲೇಖಾ ನಿಂತಿದ್ದಳು. ಅವಳಿಂದಾಚೆ ಕಿಟಕಿ, ಕಿಟಕಿಯಲ್ಲಿ ಟ್ಯಾಂಕ್, ನಾಲ್ಕು ಕಾಲು ನೆಟ್ಟಗೆ ಊರಿಕೊಂಡು ನಿಂತಿತ್ತು. ಗೌನಿನ ಜೇಬಿನಲ್ಲಿ ಮರದ ತುಂಡು ತೊಡೆಗೆ ಚುಚ್ಚುತ್ತಿತ್ತು. ಇಲ್ಲ ಎನ್ನಲೆಂದೇ ಬಾಯಿ ತೆರೆದೆ. ನಿಜ ಹೇಳುತ್ತೇನೆ, ಇಲ್ಲ ಎನ್ನಲೆಂದೇ.

“ಉಂಟು” ಎಂದೆ.

ಆಮೇಲೆ ಸಭಾಂಗಣದ ಗೋಡೆಗಳು ಅದುರುವ ಹಾಗೆ ಒಂದು ದನಿ ಬಂತು:

“ಲೇ ನೀಲೀ!”

ಅಮ್ಮ ಎದ್ದು ನಿಂತಿದ್ದಳು. “ನಿನ್ನ ಬಾಯಿಗೆ ಮಣ್ಣು ಹಾಕ! ಕತ್ತೆ! ದಮ್ಮಯ್ಯ ಅಂದ್ನಲ್ಲೇ, ಕಾಲು ಹಿಡೀತೀನಿ ಅಂದ್ನಲ್ಲೇ ನಿನಗೆ! ಮನೆಗೆ ಬಾ ಇವತ್ತು, ಅದೇ ಕೋಲು ತಗೊಂಡು ಬಾರಿಸ್ತೀನಿ! ಗೇಣು ಕಮ್ಮಿ ಇದ್ರೂ ನಿನ್ನ ಬೆನ್ನಿಗೆ ಸಾಕು!”

ನಾಲ್ಕು ವರ್ಷ. ನಾನು ವೇದಿಕೆಯ ಮೇಜು ಹಿಡಿದುಕೊಂಡೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಹಿಂದಿನಿಂದ ಜುಲೇಖಾ ಬೆರಳು ಬಾಯಿಗಿಟ್ಟು ಶಿಳ್ಳೆ ಹಾಕಿದಳು. “ಲೇ ಎಮ್ಮೇ! ನಾಲ್ಕೂ ಕಾಲು ಮೀಟಿಂಗ್ ಮಾಡಿದ್ವಾ ಅಂತ ಅವತ್ತೇ ಕೇಳ್ಲಿಲ್ವೇನೇ!”

ನಾನು ಕೈ ಎತ್ತಿದೆ. ಅಷ್ಟರಲ್ಲಿ ಕಂಡಿತು. ಅದೇ ಜವಾನ ಅಮ್ಮನ ಹತ್ತಿರ ಬಂದಿದ್ದ. “ಏ ಸಿದ್ಲಿಂಗೀ, ಆಚೆ ಬಾ. ಅದು ಗೌರವದ ಖುರ್ಚಿ.” ಅಮ್ಮನ ದನಿ ಅಲ್ಲಿಗೇ ನಿಂತುಹೋಯಿತು. ಅವಳು ಒಮ್ಮೆ ತಿರುಗಿ ಖುರ್ಚಿಯನ್ನು ನೋಡಿದಳು. ತನ್ನ ಮೈಯ ಹಿಟ್ಟು ಮೆತ್ತೆಗೆ ಅಂಟಿದೆಯೇನೋ ಎಂಬಂತೆ ಅದನ್ನು ಒಂದು ಸಲ ಕೈಯಲ್ಲಿ ಒರೆಸಿದಳು. ಆಮೇಲೆ ನಡುವಿನ ದಾರಿಯಲ್ಲಿ ಹಿಂದಕ್ಕೆ ನಡೆದು ಹೋದಳು. ಎರಡೂ ಬದಿಯ ಜನ ಕಾಲು ಕೂಡ ಮಡಚಲಿಲ್ಲ.

ಇನ್ನು ವಿಶ್ವವಿದ್ಯಾಲಯದ ಕಥೆ. ‘ಉಂಟು’ ಎಂದವರಿಗೆ ಏನು ಮಾಡಬೇಕು ಎಂದು ನಿಯಮದ ಪುಸ್ತಕ ತಿರುವಿದರು. ‘ಇಲ್ಲ ಎಂದಲ್ಲಿ ಪದವಿ ನೀಡತಕ್ಕದ್ದು’ ಎಂದಿತ್ತು, ಅದರ ಕೆಳಗೆ ಘಟಿಕೋತ್ಸವದ ಉಪಾಹಾರದ ಪಟ್ಟಿ ಇತ್ತು. ಉಂಟು ಎಂದಲ್ಲಿ ನೀಡಬಾರದು ಎಂದು ಎಲ್ಲೂ ಇರಲಿಲ್ಲ. ನೂರಕ್ಕೆ ನೂರು ಕೊಟ್ಟ ಮೇಲೆ ಕಿತ್ತುಕೊಂಡರೆ ಕೊಟ್ಟವರದು ತಪ್ಪಾಗುತ್ತದೆ, ಅವರಿಗೆ ತಪ್ಪೇ ಆಗುವುದಿಲ್ಲವಲ್ಲ. ಹಾಗಾಗಿ ಕೊಟ್ಟರು. ಗುಮಾಸ್ತರು ಬರೆಯುವಾಗ ಪೆನ್ನು ತಾನಾಗಿ ಹೊರಳಿತು. ಉಳಿದ ಎಂಟು ಜನರ ಪತ್ರದಲ್ಲಿ ‘ಉತ್ತೀರ್ಣರಾಗಿದ್ದಾರೆ’ ಎಂದಿದೆ, ನನ್ನದರಲ್ಲಿ ‘ಉತ್ತೀರ್ಣಳಾಗಿದ್ದಾಳೆ’. ಆನರ್ಸ್ ಮುಗಿಸಿದವರಲ್ಲಿ ಏಕವಚನದವಳು ನಾನೊಬ್ಬಳೇ. ಹಲ್ಲಿಯವರ ಪ್ರಬಂಧ ಮರುದಿನವೇ ಜಾರಿಗೆ ಬಂತು. ಈಗ ನಮ್ಮೂರ ಶಾಲೆಯಲ್ಲಿ ಮಕ್ಕಳು ಹಲ್ಲಿಗೆ ಆರು ಕಾಲು ಬಿಡಿಸುತ್ತಾರೆ.

ಏಕವಚನದವಳ ಪ್ರಬಂಧವನ್ನು ಜಾರಿಗೆ ತರಬೇಕಾಗಿಲ್ಲವಲ್ಲ, ಟ್ಯಾಂಕ್ ಉಳಿಯಿತು. ಊರು ನನ್ನನ್ನು ಹೊತ್ತು ಮೆರೆಸಿತು ಎಂದುಕೊಂಡೆಯಾ? ನಲ್ಲಿಯ ಹತ್ತಿರ ಒಬ್ಬಳು ಬಿಂದಿಗೆ ತುಂಬಿಸಿಕೊಳ್ಳುತ್ತಾ ಕೇಳಿದಳು, “ಟ್ಯಾಂಕು ಮುಂಚೆನೂ ನಿಂತಿತ್ತು, ಈಗ್ಲೂ ನಿಂತಿದೆ. ನೀನೇನೇ ಮಾಡ್ದೆ ಮಧ್ಯ?” ನೂರಕ್ಕೆ ನೂರು ಬಂದವಳು ನನ್ನ ಬಿಂದಿಗೆಯನ್ನು ನಲ್ಲಿಗೆ ಹಿಡಿದೆ.

ಅಮ್ಮ ಮನೆಗೆ ಬಂದು ಕೋಲು ಮುಟ್ಟಲಿಲ್ಲ. ಸೀರೆ ಮಡಚಿಟ್ಟಳು, ಮರದ ತುಂಡನ್ನು ನನ್ನ ಕೈಯಿಂದ ತೆಗೆದುಕೊಂಡು ಗಿರಣಿಯ ಕಾಲಿನ ಕೆಳಗೆ ಕೊಟ್ಟಳು, ಬೆಲ್ಟ್ ಹಾಕಿದಳು. ಎಂಟು ದಿನ ನನ್ನ ಜೊತೆ ಮಾತಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಕೇಳದೇ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಬೇಡ ಎಂದೆ. ಇನ್ನೊಂದು ಹಾಕಿದಳು. “ತಿನ್ನೇ, ಕಡ್ಡಿ ಹಂಗಾಗಿದೀಯ.” ನಾನು ತಲೆ ಎತ್ತಲಿಲ್ಲ, ಎತ್ತಿದರೆ ಅವಳು ನಿಲ್ಲಿಸಿಬಿಡುತ್ತಾಳೆ ಎನಿಸಿತು. ಅವಳು ಎದುರಿಗೇ ಕೂತಳು, ಒಂದು ಹೆಜ್ಜೆ ಹಿಂದಲ್ಲ. ಹೊರಗಿನಿಂದ ಯಾರೋ “ಏ ಸಿದ್ಲಿಂಗೀ, ಆಯ್ತೇನೇ ನನ್ನ ಜೋಳ?” ಎಂದು ಕೂಗಿದರು. ಅವಳು ಏಳಲಿಲ್ಲ. ತನ್ನ ಅಂಗೈಯನ್ನು ನೋಡಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು, ಖುರ್ಚಿಯ ಮೇಲೆ ಕೂತಾಗ ಮಾತಾಡಿದ್ದಳಲ್ಲ, ಅಷ್ಟು ಮೆಲ್ಲಗೆ:

“ಹತ್ತು ನಿಮಿಷ ಕೂತಿದ್ದೆ ಕಣೇ ನೀಲೀ. ಎಷ್ಟು ಮೆತ್ತಗಿತ್ತು ಗೊತ್ತಾ.”

ಈಗ ನೀನು ಹೇಳು. ಜೇಬಿನಲ್ಲಿ ಆ ತುಂಡು, ಕಿಟಕಿಯಲ್ಲಿ ಆ ಟ್ಯಾಂಕು, ಆ ಖುರ್ಚಿಯಲ್ಲಿ ನಿನ್ನ ಅಮ್ಮ. ನೀನಾಗಿದ್ದರೆ ಏನೆನ್ನುತ್ತಿದ್ದೆ?